ನಿಂತ ನೀರಿನ ಲೆಕ್ಕ

ಧಕ್ಕೆಯಿಂದ ತಂದದ್ದು ಆರು ಥರ್ಮೊಕೋಲ್ ಪೆಟ್ಟಿಗೆ.
ಮೂರು ಸಲ ಸೋಪು, ಎರಡು ಸಲ ಹುಣಸೆಹುಳಿ ಹಾಕಿ ತಿಕ್ಕಿದರೂ
ಬಂಗುಡೆಯ ವಾಸನೆ ಹೋಗಲಿಲ್ಲ.
ಇರಲಿ ಎಂದೆ. ಇದರಲ್ಲಿ ಬೆಳೆಯುವ ಗಿಡಕ್ಕೆ
ಮಾಂಸದ ಪರಿಚಯ ಇದ್ದರೆ ಒಳ್ಳೆಯದೇ.

ತೆಂಗಿನ ಸಿಪ್ಪೆ ಕೊಚ್ಚಿ ನೆನೆಹಾಕಿ,
ಚಹಾದ ಬಣ್ಣದ ನೀರು ಚೆಲ್ಲಿ, ಮತ್ತೆ ನೆನೆಹಾಕಿ,
ಇದ್ದಿಲು ಬೆರೆಸಿದೆ. ಗೊಬ್ಬರ ಒಂದು ಚಿಟಿಕೆಯೂ ಇಲ್ಲ.
ಬೇರಿಗೆ ಬಡತನ, ಬಾಯಿಗೆ ಹಬ್ಬ,
ಹೂಜಿಗಿಡದ ಶಾಸ್ತ್ರ ಇಷ್ಟೇ.

ನಳ್ಳಿನೀರು ಆಗುವುದಿಲ್ಲ.
ತುಂಬೆಯಿಂದ ಬರುವ ನೀರಿನಲ್ಲಿ ಊರಿಡೀ ಬದುಕುತ್ತದೆ,
ಇದೊಂದು ಸಾಯುತ್ತದೆ.
ಆಟಿಯಲ್ಲಿ ತುಂಬಿಟ್ಟ ನೀಲಿ ಡ್ರಮ್ಮಿಗೆ ಮಾರ್ಚಿನಲ್ಲಿ ತಳ ಕಾಣುತ್ತದೆ,
ಆಮೇಲೆ ಕೆಳಗಿನ ದಂತವೈದ್ಯರ ಏಸಿ ಪೈಪು ಹನಿಸುವುದನ್ನು
ಬಕೆಟಿನಲ್ಲಿ ಬೇಡಿ ತರುತ್ತೇನೆ,
ಒಂದು ಮೆಟ್ಟಿಲಿಗೆ ಎರಡು ಕಾಲು ಇಟ್ಟು.

"ಮುಡಿಯಲು ಹೂವಲ್ಲ, ಪಲ್ಯಕ್ಕೆ ಸೊಪ್ಪಲ್ಲ," ಎಂದಳು ಐರಿನ್,
"ತಪಸ್ಸುಕಾಲದ ಶುಕ್ರವಾರವೂ ಮಾಂಸ ಬಿಡದ ಜಾತಿ.
ನೀವೇ ಸಾಕಿ."

ಸಾಕಿದೆ.
ಕಣ್ಣೂರಿನಿಂದ ಒದ್ದೆ ಪೇಪರು ಸುತ್ತಿ ರೈಲಿನಲ್ಲಿ ಬಂದ ಗೇಣುದ್ದದ ಕಡ್ಡಿ
ಒಂದು ವರ್ಷ ಬರೀ ಎಲೆ ಬಿಟ್ಟಿತು. ಎಲೆಯ ತುದಿಗೆ ಬಾಲ,
ಬಾಲದ ತುದಿಗೆ ಏನೂ ಇಲ್ಲ.
ಮರುವರ್ಷ ಬಾಲ ಉಬ್ಬಿತು. ಒಂದು ಬೆಳಗ್ಗೆ ಮುಚ್ಚಳ ಬಿಚ್ಚಿತು.
ಒಳಗೆ ನೀರು!
ಮಳೆ ಬಂದಿರಲಿಲ್ಲ. ಯಾರೂ ಹೊಯ್ದಿರಲಿಲ್ಲ.
ಬಾವಿಯನ್ನು ಹೊತ್ತುಕೊಂಡೇ ಹುಟ್ಟಿತ್ತು.

ಈಗ ಒಂದೊಂದು ಹೂಜಿಯೂ ನನ್ನ ಮೊಣಕೈಯಷ್ಟು ಉದ್ದ.
ಅಂಚಿಗೆ ಹೊಸ ಹಂಚಿನ ಬಣ್ಣ, ಹಂಚಿನಂಥದೇ ಗೀರು.
ಮೂವತ್ತೊಂದು ವರ್ಷ ಮಾಡು ಹೊದೆಸಿದವನು ನಾನು,
ಒದ್ದೆ ಹಂಚು ಏನೆಂದು ಇರುವೆ ಹೇಳಬೇಕಾಗಿಲ್ಲ.
ಬಜ್ಜೋಡಿಯ ಒಂದು ಶಾಲೆಯ ಮಾಡು
ಇವತ್ತಿಗೂ ನನ್ನ ಬಲಮೊಣಕಾಲಲ್ಲಿ ಉಂಟು.

ನಿನ್ನೆ ಪಾಲಿಕೆಯಿಂದ ಮಲೇರಿಯಾದ ಹುಡುಗಿ ಬಂದಳು,
ಹೆಗಲಿಗೆ ಚೀಲ, ಕೈಯಲ್ಲಿ ಟಾರ್ಚು.
ಹೆಸರು ಶಶಿಪ್ರಭಾ, ಊರು ಕುಳಾಯಿ.
ಟಾಂಕಿ ನೋಡಿದಳು, ಫ್ರಿಜ್ಜಿನ ಹಿಂದಿನ ತಟ್ಟೆ ಎಳೆದು ನೋಡಿದಳು,
ಟೆರೇಸು ಹತ್ತಿದವಳು ಬಾಗಿಲಲ್ಲೇ ನಿಂತುಬಿಟ್ಟಳು.

"ಇದೆಲ್ಲ ನಿಂತ ನೀರು, ಅಂಕಲ್."
"ಹೌದು."
"ಚೆಲ್ಲಬೇಕು."
"ತಟ್ಟೆಗಳಲ್ಲಿ ಗಪ್ಪಿ ಬಿಟ್ಟಿದ್ದೇನೆ, ನಿಮ್ಮವರೇ ಕೊಟ್ಟ ಮೀನು."
"ತಟ್ಟೆಯದ್ದಲ್ಲ. ಇವು."

ಬಾವಿಗೆ ಬಿದ್ದ ಕೊಡ ಹುಡುಕುವವರ ಹಾಗೆ
ಬಗ್ಗಿ ಬಗ್ಗಿ ಬೆಳಕು ಬಿಟ್ಟಳು:
ಕಟ್ಟಿರುವೆಯ ತಲೆಗಳು, ಕಣಜದ ಒಂದೇ ರೆಕ್ಕೆ,
ಅರ್ಧ ಕರಗಿದ ಜಿರಲೆ, ಮೀಸೆ ಮಾತ್ರ ಇನ್ನೂ ಗಟ್ಟಿ.
ಏಳನೆಯದರಲ್ಲಿ ಟಾರ್ಚು ಅಲುಗಲಿಲ್ಲ.

ಮೂರು ಹುಳ. ನೂಲಿನ ತುಂಡಿನಷ್ಟು.
ತಲೆಕೆಳಗಾಗಿ ತೂಗುತ್ತ, ಮಡಚಿ ಬಿಚ್ಚುತ್ತ,
ಜಿರಲೆ ಕರಗುವ ಅದೇ ನೀರಿನಲ್ಲಿ
ಬಾಡಿಗೆ ಕೊಡದೆ ಇದ್ದವು.

ಇದು ಹೇಗೆ, ಮಾರಾಯರೇ?
ನುಂಗುವ ಹೊಟ್ಟೆಗೂ
ಮಡಿಲು ಎಂಬುದು ಇರುತ್ತದೆಯೇ?

ಅವಳು ಮದ್ದಿನ ಬಾಟಲಿ ತೆಗೆದಳು. ನಾನು ಬೇಡವೆನ್ನಲಿಲ್ಲ.
ಹೋದ ಜುಲೈಯಲ್ಲಿ ಎದುರುಮನೆಯ ಸೆವ್ರಿನ್‌ನ ಮಗಳು
ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದಳು,
ರಕ್ತಕ್ಕೆ ಕುಂಟಿಕೊಂಡು ಓಡಿದವ ನಾನೇ.
"ಮದ್ದು ಹಾಕಿದರೆ ಏನಾಗುತ್ತದೆ ಇದಕ್ಕೆ?"
"ನೋಡಿದವನಲ್ಲ."
ಬಾಟಲಿಯ ಬಿರಡೆ ತಿರುಗಿಸುವುದನ್ನು ನಿಲ್ಲಿಸಿದಳು.

ನಾನೇ ಹೂಜಿಯನ್ನು ತಟ್ಟೆಗೆ ಬಾಗಿಸಿದೆ.
ಗಪ್ಪಿಗಳು ಬೆದರಿ ಹಿಂದೆ ಸರಿದವು,
ಆಮೇಲೆ ಬಂದವು.
ಮೂರೂ ಒಂದು ಉಸಿರಿಗೆ ಮುಗಿಯಿತು.
ಖಾಲಿ ಹೂಜಿಗೆ ದಂತವೈದ್ಯರ ನೀರು ಒಂದು ಲೋಟ ಹೊಯ್ದೆ,
ಅದರದ್ದೇ ನೀರು ಮತ್ತೆ ಊರುತ್ತದೋ, ನೋಡಬೇಕು.

ಪುಸ್ತಕದಲ್ಲಿ ಬರೆದಳು: ಪಾತ್ರೆ ಇಪ್ಪತ್ತೆರಡು, ಹುಳ ಒಂದರಲ್ಲಿ,
ಚೆಲ್ಲಲಾಗಿದೆ.
ಹೊರಡುವ ಮೊದಲು, ನಾನು ನೋಡುತ್ತಿಲ್ಲ ಎಂದುಕೊಂಡು
ಹೂಜಿಯ ಕೆಂಪು ಅಂಚಿನ ಮೇಲೆ ಬೆರಳಾಡಿಸಿದಳು.

"ಜಾರುತ್ತದೆ," ಎಂದಳು.

"ಗೊತ್ತು," ಎಂದೆ.